ಮೇಲಿಂದ ಕಂಡ ನಲವತ್ತೆರಡು ಮರ

೧ ಜುಲೈ ೨೦೨೫, ಮಂಗಳವಾರ

ಇವತ್ತು ಎರಡು ಒಳ್ಳೆಯ ಕೆಲಸ ಆದವು. ಮೊದಲನೆಯದು, ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರ್ ಶ್ರೀನಿವಾಸ್ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೆ, "ಆಗಸ್ಟ್ ಇಪ್ಪತ್ಮೂರಕ್ಕೆ ಬಾಹ್ಯಾಕಾಶ ದಿನ. ಬಾಹ್ಯಾಕಾಶ ಸಂಶೋಧನೆಯಿಂದ ಭೂಮಿಗೇನು ಲಾಭ ಅಂತ ಒಂದು ಭಾಷಣ ಆಗಬೇಕು. ಶಿವಮೂರ್ತಿಗಳೇ, ನಿಮ್ಮನ್ನ ಬಿಟ್ಟರೆ ಇನ್ಯಾರಿದ್ದಾರೆ?" ಎಂದರು. ಇನ್ಯಾರೂ ಇಲ್ಲ ಎಂಬುದು ನಿಜ. ಇನ್ನೊಬ್ಬ ವಿಜ್ಞಾನದ ಮೇಷ್ಟ್ರ ಹುದ್ದೆ ನಾಲ್ಕು ವರ್ಷದಿಂದ ಖಾಲಿ ಬಿದ್ದಿದೆ. ಆದರೂ ಅವರು ಹೇಳಿದ ಧಾಟಿಯಲ್ಲಿ ಗೌರವವಿತ್ತು.

ಎರಡನೆಯದು, ಮಧ್ಯಾಹ್ನ ರಜೆ ಹಾಕಿ ತಿಪಟೂರಿಗೆ ಹೋಗಿ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟುಬಂದೆ. ನಮ್ಮೂರ ಕೆರೆಯಂಗಳದಲ್ಲಿ ಊರಾಚೆಯ ಹಟ್ಟಿಯ ಆ ಹೆಂಗಸು ಕುರಿ ರೊಪ್ಪ ಹಾಕಿಕೊಂಡು ಕೂತಿದ್ದಾಳೆ. ಕೆರೆ ಊರಿನ ಸ್ವತ್ತು, ಯಾರೋ ಒಬ್ಬರು ಕುರಿ ಕೂಡುವ ಜಾಗವಲ್ಲ. ಎಲ್ಲರ ಹಾಗೆ ನಾನು ಅರ್ಜಿಯಲ್ಲಿ ಗೋಳಾಡಲಿಲ್ಲ. "ಸದರಿ ಕೆರೆಯ ಗಡಿಯನ್ನು ಹಳೆಯ ಸರಪಳಿ ಹಿಡಿದು ಅಳೆಯದೆ, ಉಪಗ್ರಹ ಚಿತ್ರಗಳ ಆಧಾರದ ಮೇಲೆ ವೈಜ್ಞಾನಿಕವಾಗಿ ಗುರುತಿಸಬೇಕಾಗಿ ಕೋರುತ್ತೇನೆ" ಎಂದು ಬರೆದೆ. ಅಲ್ಲಿನ ಗುಮಾಸ್ತೆ ಭಾಗ್ಯ ಎರಡು ಸಲ ಓದಿ, "ಇಂಥ ಅರ್ಜಿ ಬಂದಿರೋದು ಇದೇ ಮೊದಲು ಸಾರ್" ಅಂದಳು. ಯಾರಾದರೂ ಒಬ್ಬರು ಶುರು ಮಾಡಬೇಕಲ್ಲ.

ಆ ರೊಪ್ಪ ಎದ್ದರೆ ನಮ್ಮ ತೋಟದ ಕೆಳಗಿನ ಮೂರು ಸಾಲಿಗೆ ಗಟ್ಟಿ ಬೇಲಿ ಹಾಕಬಹುದು. ಸಾಲಿಗೆ ಹದಿನಾಲ್ಕರಂತೆ ನಲವತ್ತೆರಡು ಮರ, ಎಲ್ಲಾ ಅಪ್ಪ ನೆಟ್ಟವು. ಕುರಿಗಳು ಅವುಗಳ ಪಕ್ಕದಲ್ಲೇ ನೀರಿಗೆ ಇಳಿಯುತ್ತವೆ.

ಭಾಷಣದ ಮೊದಲ ವಾಕ್ಯ ಸಿದ್ಧ: "ಬಾಹ್ಯಾಕಾಶ ಸಂಶೋಧನೆಯು ಮನುಕುಲಕ್ಕೆ ದೊರೆತ ಮೂರನೆಯ ಕಣ್ಣು."

೬ ಜುಲೈ, ಭಾನುವಾರ

ಬೆಳಿಗ್ಗೆ ತೋಟಕ್ಕೆ ಹೋದಾಗ ಆ ಹೆಂಗಸು, ಕಾಳಕ್ಕ ಅಂತ ಹೆಸರು, ಕುರಿ ಬಿಟ್ಟುಕೊಂಡು ಎದುರಿಗೇ ಬಂದಳು. ವಯಸ್ಸು ಎಪ್ಪತ್ತೈದರ ಮೇಲೆ. ಬಾಯಿಗೆ ಮಾತ್ರ ಇಪ್ಪತ್ತು.

"ಏನ್ ಮೇಷ್ಟ್ರೇ, ನನ್ ರೊಪ್ಪದ ಮ್ಯಾಲೆ ಅರ್ಜಿ ಕೊಟ್ಟಿದ್ದೀರಂತೆ?"

"ಕೆರೆ ಒಳಗಿದೆಯಲ್ಲಮ್ಮ."

"ಯಾರೇಳಿದ್ರು? ನೀರು ಎಲ್ಲೀಗಂಟ ಬತ್ತೈತೆ ಅಂತ ನಂಗೆ ಗೊತ್ತಿಲ್ವಾ? ಈ ಕೆರೆ ಏರಿ ಮ್ಯಾಲೆ ಓಡಾಡ್ಕಂಡೇ ಮುದುಕಿ ಆದೋಳು ನಾನು."

ನಾನು ತಾಳ್ಮೆಯಿಂದ ಉಪಗ್ರಹದ ವಿಚಾರ ಹೇಳಿದೆ. ನೂರಾರು ಮೈಲಿ ಮೇಲಿಂದ ಅದು ನಮ್ಮ ಕೆರೆ, ತೋಟ, ಅವಳ ರೊಪ್ಪ ಎಲ್ಲವನ್ನೂ ನೋಡುತ್ತದೆ, ಅದಕ್ಕೆ ದಾಕ್ಷಿಣ್ಯವಿಲ್ಲ, ಲಂಚ ತಿನ್ನಲು ಬಾಯಿಯೂ ಇಲ್ಲ ಎಂದೆ. ಅವಳು ತಲೆಯೆತ್ತಿ ಆಕಾಶವನ್ನು ಒಂದು ಗಳಿಗೆ ನೋಡಿದಳು.

"ಎಲ್ಲಾನೂ ಕಾಣ್ತೈತಾ? ಹಂಗಾರೆ ಹೋದ ವಾರ ತಪ್ಪಿಸ್ಕಂಡ್ ಹೋದ ನನ್ ಟಗರು ಎಲ್ಲೈತೆ ಅಂತ ವಸಿ ಕೇಳಿ ಹೇಳಿ."

ಇಂಥವರಿಗೆ ವಿಜ್ಞಾನ ತಿಳಿಸುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ.

೧೬ ಜುಲೈ, ಬುಧವಾರ

ಭಾಷಣ ಬೆಳೆಯುತ್ತಿದೆ. ಚಂಡಮಾರುತದ ಮುನ್ಸೂಚನೆ, ಮೀನುಗಾರರಿಗೆ ಮೀನಿನ ಸುಳಿವು, ಬೋರ್‌ವೆಲ್‌ಗೆ ಜಾಗ, ಬೆಳೆ ಅಂದಾಜು, ಎಲ್ಲಾ ಸೇರಿಸಿದೆ. ತೆಂಗಿನ ಮರ ಮೇಲಿಂದ ನಕ್ಷತ್ರದ ಹಾಗೆ ಕಾಣುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಬೇಕು. ಕೆಲವು ಚಿತ್ರಗಳಲ್ಲಿ ಹಸಿರು ಗಿಡಮರವೆಲ್ಲ ಕೆಂಪಗೆ, ನೀರು ಕಪ್ಪಗೆ ಬರುತ್ತದೆ ಎಂದು ರಾಮಲಕ್ಷ್ಮಿಗೆ ಹೇಳಿದೆ. ನನ್ನ ಹೆಂಡತಿಗೆ ಯಾವ ಅಚ್ಚರಿಯೂ ಆಗುವುದಿಲ್ಲ. "ಹಸಿರನ್ನ ಕೆಂಪು ಅನ್ನೋರನ್ನ ನಂಬ್ಕೊಂಡು ಅರ್ಜಿ ಕೊಟ್ಟಿದ್ದೀರಲ್ಲ ರೀ" ಅಂದು ಒಗ್ಗರಣೆಗೆ ಸಾಸಿವೆ ಹಾಕಿದಳು.

೨೨ ಜುಲೈ, ಮಂಗಳವಾರ

ಸರ್ವೆಯರ್ ಬಂದಿದ್ದ. ತಿಲಕ್ ಅಂತ, ಚುರುಕಾದ ಹುಡುಗ. ಕೋಲಿನ ತುದಿಗೆ ಅಣಬೆಯ ಹಾಗೆ ಒಂದು ಯಂತ್ರ, ಕೈಯಲ್ಲಿ ಟ್ಯಾಬು. ಆ ಯಂತ್ರ ಒಂದೇ ಸಲಕ್ಕೆ ಇಪ್ಪತ್ತು ಉಪಗ್ರಹಗಳ ಜೊತೆ ಮಾತಾಡುತ್ತದಂತೆ. ಊರಿನ ಹತ್ತಿಪ್ಪತ್ತು ಜನ ಸೇರಿದ್ದರು. ನಾನು ಮಧ್ಯೆ ನಿಂತು ಎಲ್ಲರಿಗೂ ವಿವರಿಸಿದೆ. ಕೆಳಗಿನ ಸಾಲಿನ ಮರದಿಂದಲೇ ಎಳನೀರು ಕೆಡವಿಸಿ ತಿಲಕ್‌ಗೆ ಎರಡು ಕೊಟ್ಟೆ. "ಇಷ್ಟು ಸಿಹಿ ಎಳನೀರು ಎಲ್ಲೂ ಕುಡಿದಿಲ್ಲ ಸಾರ್" ಅಂದ. "ಕೆರೆ ತಂಪು ಕಣಪ್ಪ, ಬೇರು ನೀರಲ್ಲೇ ಇದೆ" ಅಂದೆ. ಆ ಮಾತನ್ನು ಯಾಕೆ ಆಡಿದೆನೋ.

ಮೊದಲು ರೊಪ್ಪ ಅಳೆದ. ಕೆರೆಯ ಗಡಿಯಿಂದ ಎಂಟು ಅಡಿ ಹೊರಗಿದೆ. ಕಾಳಕ್ಕ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು. ಆಮೇಲೆ ತಿಲಕ್ ಟ್ಯಾಬು ನೋಡುತ್ತಾ, ಕೋಲು ಊರುತ್ತಾ, ನಮ್ಮ ತೋಟದೊಳಕ್ಕೆ ನಡೆದ. ಒಂದು ಸಾಲು ದಾಟಿದ. ಎರಡು ದಾಟಿದ. ಮೂರೂ ದಾಟಿ ನಿಂತ.

"ಸಾರ್, ಗಡಿ ಇಲ್ಲಿ ಬರುತ್ತೆ. ಈ ಮೂರು ಸಾಲು ಯಾರದು?"

೨೩ ಜುಲೈ, ಬುಧವಾರ

ಇವತ್ತು ಬರೆಯುವಂಥದ್ದೇನೂ ಇಲ್ಲ.

೩೧ ಜುಲೈ, ಗುರುವಾರ

ನೋಟೀಸು ಬಂತು. ಮೂವತ್ತೈದು ಗುಂಟೆ ಕೆರೆ ಒತ್ತುವರಿ, ನಲವತ್ತೆರಡು ತೆಂಗಿನ ಮರ, ಒತ್ತುವರಿದಾರರು ಶ್ರೀ ಶಿವಮೂರ್ತಿ, ಸಹಶಿಕ್ಷಕರು. ಕೆಳಗೆ ಉಲ್ಲೇಖ: "ಶ್ರೀ ಶಿವಮೂರ್ತಿ, ಸಹಶಿಕ್ಷಕರು, ಇವರ ಅರ್ಜಿ." ಒಂದೇ ಹಾಳೆಯಲ್ಲಿ ದೂರುಕೊಟ್ಟವನೂ ನಾನೇ, ಕಳ್ಳನೂ ನಾನೇ.

ಇಪ್ಪತ್ತು ವರ್ಷದಿಂದ ಮಕ್ಕಳ ಹಾಗೆ ಸಾಕಿದ ಮರಗಳು. ನಮ್ಮ ಕಡೆ ಹೆಣ್ಣು ಕೇಳಲು ಬಂದವರೂ ಜಮೀನು ಎಷ್ಟು ಎಕರೆ ಅಂತ ಕೇಳುವುದಿಲ್ಲ, ಮರ ಎಷ್ಟಿವೆ ಅಂತ ಕೇಳುತ್ತಾರೆ. ಮರ ಎಣಿಸುವುದನ್ನು ಕಲಿತವರು ನಾವು, ಅದರ ಬುಡದ ನೆಲ ಯಾರದು ಅಂತ ಯಾರೂ ಎಣಿಸಿಲ್ಲ. ಈಗ ಆಕಾಶದಲ್ಲಿ ಸುತ್ತುವ ಡಬ್ಬಿಯೊಂದು ಬಂದು ಎಣಿಸುತ್ತದೆಯಂತೆ.

ತಕ್ಷಣ ತಕರಾರು ಅರ್ಜಿ ಬರೆದೆ. ಸದರಿ ಮರಗಳನ್ನು ದಿವಂಗತ ತಂದೆಯವರು ನೆಟ್ಟಿದ್ದು, ಅನಾದಿ ಕಾಲದಿಂದ ಅನುಭವದಲ್ಲಿವೆ ಎಂದು.

ಭಾಷಣದ ಮೊದಲ ವಾಕ್ಯ ತಿದ್ದಿದ್ದೇನೆ: "ಉಪಗ್ರಹಗಳಿಗೂ ಮಿತಿಗಳಿವೆ ಎಂಬುದನ್ನು ಮಕ್ಕಳು ಚಿಕ್ಕಂದಿನಲ್ಲೇ ಅರಿಯಬೇಕು."

೫ ಆಗಸ್ಟ್, ಮಂಗಳವಾರ

ತಾಲ್ಲೂಕು ಕಚೇರಿಗೆ ಕರೆಸಿದ್ದರು. ಅಧಿಕಾರಿ ಕೃಷ್ಣಕುಮಾರ್ ಮರ್ಯಾದಸ್ಥ ಮನುಷ್ಯ. ಕುರ್ಚಿ ಕೊಟ್ಟು, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, ನಮ್ಮ ಕೆರೆಯ ಹಳೆಯ ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು.

೨೦೦೦ದ ಚಿತ್ರ. ಕೆರೆ ತುಂಬಿ ಕಪ್ಪಗೆ ಮಲಗಿದೆ. ನಮ್ಮ ಮೂರು ಸಾಲು ಇರಬೇಕಾದ ಕಡೆ ನೀರು.

೨೦೦೮. ಅದೇ ಜಾಗದಲ್ಲಿ ಸಾಲಾಗಿ ಚುಕ್ಕೆಗಳು.

ಕಳೆದ ವರ್ಷದ್ದು. ಸ್ಪಷ್ಟವಾಗಿ ನಲವತ್ತೆರಡು ನಕ್ಷತ್ರ. ಎಷ್ಟು ಅಚ್ಚುಕಟ್ಟು, ಒಂದೂ ಸಾಲು ತಪ್ಪಿಲ್ಲ. ಒಂದು ಕ್ಷಣ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

"ನಿಮ್ಮ ತಂದೆಯವರು ತೀರಿಕೊಂಡಿದ್ದು ಯಾವಾಗ ಸಾರ್?" ಎಂದು ಕೇಳಿದರು.

"ತೊಂಬತ್ತೆಂಟು" ಎಂದೆ. ಅವರು ಮತ್ತೇನೂ ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು.

ನಾನು ವಿಜ್ಞಾನ ಓದಿದವನು, ಸುಮ್ಮನಿರಲಿಲ್ಲ. ಮೋಡದ ನೆರಳು ನೀರಿನ ಹಾಗೆ ಕಾಣಬಹುದು, ಚಿತ್ರದ ಸೂಕ್ಷ್ಮತೆ ಆಗ ಕಡಿಮೆಯಿತ್ತು, ಇತ್ಯಾದಿ ಹೇಳಿದೆ. ಅವರು ಎಲ್ಲಾ ಕೇಳಿಸಿಕೊಂಡು, "ಆಯ್ತು ಸಾರ್. ಕೆರೆ ಪಕ್ಕದ ಹಿರಿಯರು ಯಾರಾದರೂ, ಅವರ ಒತ್ತುವರಿ ಇರಬಾರದು, ಮರ ನಿಮ್ಮ ತಂದೆ ಕಾಲದ್ದು ಅಂತ ಹೇಳಿಕೆ ಕೊಟ್ಟರೆ ಮೇಲಕ್ಕೆ ಕಳಿಸ್ತೀನಿ. ಇಪ್ಪತ್ತೈದನೇ ತಾರೀಖಿನೊಳಗೆ" ಎಂದರು.

ಮನೆಗೆ ಬಂದು ರಾಮಲಕ್ಷ್ಮಿಗೆ ಹೇಳಿದೆ. ಅವಳು ಕೊಬ್ಬರಿಯ ಅಟ್ಟದ ಏಣಿ ಹತ್ತುತ್ತಿದ್ದವಳು ಮಧ್ಯದಲ್ಲೇ ನಿಂತಳು.

"ಯಾಕ್ರೀ, ಮಾವನೋರು ಸತ್ತು ಐದು ವರ್ಷಕ್ಕಲ್ವಾ ಆ ಸಸಿ ನೆಟ್ಟಿದ್ದು? ಕೆರೆ ಬತ್ತಿಹೋಗಿತ್ತು. ಗುಂಡಿ ತೋಡೋರಿಗೆ ನಾನೇ ಬುತ್ತಿ ಹೊತ್ಕೊಂಡು ಬಂದಿದ್ದೆ. ಕುಳಿಗೆ ಉಪ್ಪು ಹಾಕಿ ಅಂದಿದ್ದೂ ನಾನೇ."

ನೆನಪುಗಳನ್ನು ಆಧಾರವಾಗಿ ಇಟ್ಟುಕೊಳ್ಳುವುದು ವೈಜ್ಞಾನಿಕವಲ್ಲ.

೧೦ ಆಗಸ್ಟ್, ಭಾನುವಾರ

ತಿಲಕ್ ನಮ್ಮ ತೋಟಕ್ಕೆ ನಿಲ್ಲದೆ ಕೆರೆಯನ್ನು ಪೂರಾ ಸುತ್ತಿದ್ದಾನೆ. ಇನ್ನೂ ಹನ್ನೊಂದು ಮನೆಯವರಿಗೆ ನೋಟೀಸು ಬಂದಿದೆ. ನೋಟೀಸು ಬಂದವರೆಲ್ಲ ಅದನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಜಗುಲಿಗೆ ಬಂದರು, ಮದುವೆ ಕರೆಯೋಲೆ ಹಿಡಿದು ಬಂದ ಹಾಗೆ.

"ಯಾವೋನ್ಲಾ ಉಪಗ್ರಹ ಕರೆಸಿದ್ದು ಅಂದ್ರೆ ನಮ್ ಮೇಷ್ಟ್ರಂತೆ" ಅಂದ ಪಕ್ಕದ ತೋಟದ ಹುಚ್ಚಣ್ಣ. ಅವನದು ಐವತ್ತು ಮರ ಹೋಗುತ್ತವೆ. "ಒಂದು ರೊಪ್ಪ ಎಬ್ಬಿಸಕ್ಕೆ ಹೋಗಿ ಇಡೀ ಊರನ್ನೇ ಎಬ್ಬಿಸ್ಬುಟ್ರಲ್ಲ. ಹೋಗ್ಲಿ ಬುಡಿ. ಈಗ ಉಪಾಯ ಹೇಳಿ. ಮರದ ಮ್ಯಾಲೆಲ್ಲಾ ನೀಲಿ ಟಾರ್ಪಾಲು ಹೊದಿಸಿದ್ರೆ ಮೇಲಿಂದ ನೀರಿನಂಗೆ ಕಾಣಕಿಲ್ವಾ?"

ಆ ಚಿತ್ರಗಳಲ್ಲಿ ನೀರು ನೀಲಿಯಾಗಿರುವುದಿಲ್ಲ, ಕಪ್ಪಗಿರುತ್ತದೆ ಎಂದು ವಿವರಿಸಿದೆ.

"ಹಂಗಾರೆ ಕಪ್ಪು ಟಾರ್ಪಾಲು."

ಎಲ್ಲರೂ ನನ್ನ ಮುಖ ನೋಡಿದರು. ಇದು ಮೂರ್ಖತನ ಎಂದು ಹೇಳಬೇಕೆಂದು ಬಾಯಿ ತೆರೆದೆ. ಆದರೆ ಅವರು ಹೋದ ಮೇಲೆ ಒಂದು ತೆಂಗಿನ ತಲೆಗೆ ಎಷ್ಟು ಅಗಲದ ಟಾರ್ಪಾಲು ಬೇಕು ಎಂದು ಭಾಷಣದ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಗಾಳಿಗೆ ನಿಲ್ಲುವುದಿಲ್ಲ.

ಹೇಳಿಕೆ ಕೊಡುವ ಹಿರಿಯರನ್ನು ಹುಡುಕಿದೆ. ಶ್ರೀರಂಗಯ್ಯನವರದು ಒತ್ತುವರಿ. ಹಾಲಸ್ವಾಮಿಯದು ಒತ್ತುವರಿ. ಚಿಕ್ಕಗೌರಮ್ಮನವರ ಹುಲ್ಲಿನ ಬಣವೆ ಕೂಡ ನಾಲ್ಕು ಅಡಿ ಒಳಗಿದೆ. ಕೆರೆಯೊಳಗೆ ಏನೂ ಇಲ್ಲದ, ಅಪ್ಪನನ್ನು ನೋಡಿದ್ದ ಹಿರಿಯರು ಎಂದರೆ ಈ ಊರಿನಲ್ಲಿ ಒಬ್ಬರೇ.

ಅಲ್ಲಿಗೆ ನಾನು ಹೋಗುವುದಿಲ್ಲ.

೧೭ ಆಗಸ್ಟ್, ಭಾನುವಾರ

ಹೋದೆ.

ಕಾಳಕ್ಕ ರೊಪ್ಪದ ಮುಂದೆ ಕೂತು ಕುರಿಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದಳು. ಕಂಬಳಿ ಹಾಸಿ "ಕೂತ್ಕಳಿ" ಅಂದಳು. ನಾನು ಬರೆದುಕೊಂಡು ಹೋಗಿದ್ದ ಹೇಳಿಕೆಯನ್ನು ಓದಿದೆ. ಹೆಬ್ಬೆಟ್ಟು ಒತ್ತಿದರೆ ಸಾಕು, ರೊಪ್ಪದ ತಂಟೆಗೆ ಇನ್ನೆಂದೂ ಬರುವುದಿಲ್ಲ ಎಂದೆ. ಅವಳು ಮುಳ್ಳು ಪೂರ್ತಿ ತೆಗೆದು, ಮರಿಯನ್ನು ಬಿಟ್ಟು, ಕೈ ಒರೆಸಿಕೊಂಡಳು.

"ನನ್ ರೊಪ್ಪದ ತಂಟೆಗೆ ಬರಂಗೇ ಇಲ್ವಲ್ಲ ನೀವು. ನಿಮ್ ಉಪಗ್ರಹವೇ ಹೇಳ್ತಲ್ಲ, ಎಂಟಡಿ ಆಚೆಗೈತೆ ಅಂತ."

ನಾನು ಹೇಳಿಕೆಯ ಹಾಳೆಯನ್ನು ಮಡಚಿದೆ.

"ಎಂಟಡಿ ಯಾಕೆ ಆಚೆಗೈತೆ ಗೊತ್ತಾ? ನಾನು ಮದುವೆಯಾಗಿ ಬಂದ ವರ್ಸ ನನ್ ಗಂಡ ಕೆರೆಗೆ ಒತ್ಕಂಡೇ ರೊಪ್ಪ ಹಾಕಿದ್ದ. ನಿಮ್ಮಪ್ಪ ಬಂದು, ಲೇ ಚಿತ್ತಣ್ಣ, ನೀರು ಬರೋ ಜಾಗ ಕಣ್ಲಾ, ಎಂಟಡಿ ಹಿಂದಕ್ಕೆ ಹಾಕು ಅಂದ. ತಾನೇ ನಿಂತು ಗೂಟ ಕಿತ್ತು ಹಿಂದಕ್ಕೆ ನೆಟ್ಟುಕೊಟ್ಟ. ಅಂಥೋನು ಕೆರೆ ಒಳಗೆ ಸಸಿ ನೆಟ್ಟ ಅಂತ ನಾನು ಹೆಬ್ಬೆಟ್ಟು ಒತ್ಬೇಕಾ?"

"ಹಾಗಲ್ಲ ಕಾಳಕ್ಕ..."

"ಬದುಕಿರೋರು ಏನಾದ್ರೂ ಮಾಡ್ಕಳಿ ಮೇಷ್ಟ್ರೇ. ಸತ್ತೋರ ತಲೆ ಮ್ಯಾಲೆ ಸಸಿ ನೆಡಬ್ಯಾಡಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಸಿಟ್ಟು ಮಾಡಿಕೊಂಡು ಎದ್ದು ಬರಬಹುದಿತ್ತು. ಕುಡಿಯಲು ಮಜ್ಜಿಗೆ ಕೊಟ್ಟಳು. ಕುಡಿದೆ. ಅಪ್ಪ ಗೂಟ ಕಿತ್ತ ಕಥೆ ನನಗೆ ಗೊತ್ತಿರಲಿಲ್ಲ. ಅಪ್ಪನ ಬಗ್ಗೆ ನನಗೆ ಗೊತ್ತಿಲ್ಲದ್ದು ಹಟ್ಟಿಯಲ್ಲಿ ಗೊತ್ತಿದೆ.

೨೨ ಆಗಸ್ಟ್, ಶುಕ್ರವಾರ

ನಾಳೆ ಭಾಷಣ. ಮೂರನೆಯ ಕಣ್ಣು ಹೊಡೆದುಹಾಕಿದೆ. ಮಿತಿಗಳಿವೆ ಎಂಬುದನ್ನೂ ಹೊಡೆದುಹಾಕಿದೆ. "ಎಲ್ಲವನ್ನೂ ನೋಡುವುದು ಸಭ್ಯತೆಯಲ್ಲ" ಎಂದು ಬರೆದು, ಅದನ್ನೂ ಹೊಡೆದುಹಾಕಿದೆ. ಹಾಳೆಯಲ್ಲಿ ಉಳಿದಿರುವುದು ಟಾರ್ಪಾಲಿನ ಲೆಕ್ಕ ಒಂದೇ.

ಮಕ್ಕಳಿಗೆ ತೋರಿಸಲು ಚಿತ್ರ ಬೇಕು. ಪೆನ್‌ಡ್ರೈವಿನಲ್ಲಿ ಇರುವುದು ತಕರಾರು ಅರ್ಜಿಗೆಂದು ಕೃಷ್ಣಕುಮಾರ್ ಕೊಟ್ಟ ಮೂರು ಚಿತ್ರಗಳು ಮಾತ್ರ. ಯಾವ ಕೆರೆ ಅಂತ ಹೇಳದಿದ್ದರಾಯಿತು.

೨೩ ಆಗಸ್ಟ್, ಶನಿವಾರ

ಭಾಷಣ ಆಯಿತು. ಮೂವತ್ತು ನಿಮಿಷಕ್ಕೆ ಎಂದು ತಯಾರಾದದ್ದು ಹನ್ನೆರಡು ನಿಮಿಷಕ್ಕೇ ಮುಗಿಯಿತು.

ಬಾಹ್ಯಾಕಾಶ ದಿನಕ್ಕೆ ಊರಿನವರನ್ನೂ ಕರೆದಿದ್ದರು. ನೋಟೀಸು ಬಂದ ಹನ್ನೊಂದು ಮನೆಯವರೂ ಬಂದು ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಶ್ರೀನಿವಾಸ್ ನನ್ನನ್ನು "ನಮ್ಮ ತಾಲ್ಲೂಕಿನಲ್ಲೇ ಉಪಗ್ರಹವನ್ನು ಮೊದಲು ಬಳಸಿಕೊಂಡ ಶಿಕ್ಷಕರು" ಎಂದು ಪರಿಚಯಿಸಿದರು. ಹಿಂದೆ ಹುಚ್ಚಣ್ಣ ಕೆಮ್ಮಿದ.

ಚಂಡಮಾರುತ ಹೇಳಿದೆ, ಮೀನು ಹೇಳಿದೆ. ಆಮೇಲೆ ೨೦೦೦ದ ಚಿತ್ರ ಹಾಕಿ, ಇದೊಂದು ಕೆರೆ, ಕಪ್ಪಗಿರುವುದು ನೀರು ಎಂದೆ. ೨೦೦೮ ಹಾಕಿದೆ. ಕಳೆದ ವರ್ಷದ್ದು ಹಾಕಿದೆ. ಮಕ್ಕಳು "ಓ, ನಕ್ಷತ್ರ!" ಅಂದರು. ಒಂಬತ್ತನೇ ತರಗತಿಯ ಕೃತಿಕಾ ಎದ್ದು ನಿಂತಳು. ಯಾವಾಗಲೂ ಪ್ರಶ್ನೆ ಕೇಳುವ ಹುಡುಗಿ. ಕೇಳು ಕೇಳು ಎಂದು ನಾನೇ ಮೂರು ವರ್ಷದಿಂದ ಹುರಿದುಂಬಿಸಿದ್ದೇನೆ.

"ಸಾರ್, ನೀರು ಇದ್ದ ಜಾಗದಲ್ಲಿ ಮರ ಹೆಂಗ್ ಬಂತು ಸಾರ್? ಯಾರು ನೆಟ್ಟಿದ್ದು?"

"ಕೆಲವರು" ಎನ್ನುವ ಪದ ನಾಲಗೆಯ ತುದಿಯಲ್ಲಿತ್ತು. ಅಪ್ಪನ ಹೆಸರೂ ಇತ್ತು. ಹಿಂದಿನ ಸಾಲು ನೋಡಿದೆ. ಬಾಗಿಲ ಹತ್ತಿರ, ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಕಾಳಕ್ಕ ನಿಂತಿದ್ದಳು. ಯಾವಾಗ ಬಂದಳೋ. ಟಗರಿನ ವಿಚಾರ ಕೇಳಲು ಬಂದಿದ್ದಳೋ ಏನೋ.

"ನಾನು ನೆಟ್ಟಿದ್ದು" ಎಂದೆ. "೨೦೦೩ರಲ್ಲಿ. ಕೆರೆ ಬತ್ತಿತ್ತು. ಯಾರೂ ನೋಡ್ತಿಲ್ಲ ಅಂದ್ಕೊಂಡಿದ್ದೆ."

ಕೃತಿಕಾ "ಥ್ಯಾಂಕ್ಯೂ ಸಾರ್" ಎಂದು ಕೂತಳು, ನೀರು ಕುದಿಯುವುದು ನೂರು ಡಿಗ್ರಿಗೆ ಎಂದು ಹೇಳಿದಾಗ ಕೂರುವ ಹಾಗೆಯೇ. ವಂದನಾರ್ಪಣೆಯಲ್ಲಿ ಶ್ರೀನಿವಾಸ್ ನನ್ನ ಹೆಸರು ಹೇಳುವುದನ್ನು ಮರೆತರು.

ಮನೆಗೆ ಬಂದಾಗ ರಾಮಲಕ್ಷ್ಮಿಗೆ ಆಗಲೇ ಸುದ್ದಿ ಮುಟ್ಟಿತ್ತು. ಊಟಕ್ಕೆ ಕಾಯಿ ಹೋಳಿಗೆ ಮಾಡಿದ್ದಳು. ಯಾವ ಹಬ್ಬ ಅಂತ ಕೇಳಿದೆ. "ಬಾಹ್ಯಾಕಾಶದ್ದು" ಅಂದಳು.

೨೫ ಆಗಸ್ಟ್, ಸೋಮವಾರ

ತಕರಾರು ಅರ್ಜಿ ವಾಪಸು ತೆಗೆದುಕೊಂಡೆ. ಗುಮಾಸ್ತೆ ಭಾಗ್ಯ, "ಇಂಥದ್ದೂ ಇದೇ ಮೊದಲು ಸಾರ್" ಅಂದಳು.

೧೧ ಸೆಪ್ಟೆಂಬರ್, ಗುರುವಾರ

ಮರ ಕಡಿಯುವುದಿಲ್ಲವಂತೆ. ಕೆರೆಯ ಲೆಕ್ಕಕ್ಕೆ ಸೇರಿ, ಫಸಲು ಪಂಚಾಯಿತಿಗೆ. ಇಬ್ಬರು ಬಂದು ಹಳದಿ ಬಣ್ಣದಲ್ಲಿ ಮರಗಳಿಗೆ ನಂಬರು ಬರೆದರು. ನಾನೂ ಜೊತೆಗೆ ನಿಂತು ಎಣಿಸಿದೆ. ಹದಿನೇಳನೆಯದರ ಹತ್ತಿರ ಬಂದಾಗ ಕಣ್ಣು ತುಂಬಿ ಬಂತು. ಸಣ್ಣದಿದ್ದಾಗ ಸುಳಿಗೆ ದುಂಬಿ ಬಿದ್ದು ಇನ್ನೇನು ಹೋಯಿತು ಎಂದಿದ್ದ ಸಸಿ ಅದು. ಬೇವಿನ ಹಿಂಡಿ, ಮರಳು ಹಾಕಿ ಉಳಿಸಿಕೊಂಡಿದ್ದೆ. ನನ್ನದಲ್ಲದ ನೆಲದಲ್ಲಿ ಅಷ್ಟೊಂದು ಪ್ರೀತಿ ಯಾಕೆ ಸುರಿದೆನೋ.

ಬೇಲಿಯ ಮುಳ್ಳನ್ನು ನಾನೇ ಕಿತ್ತು ಕುರಿಗಳಿಗೆ ದಾರಿ ಬಿಟ್ಟೆ. ಹುಚ್ಚಣ್ಣ ದೂರದಿಂದ ನೋಡಿ, ಮುಖ ತಿರುಗಿಸಿಕೊಂಡು ಹೋದ. ಅವನ ಮುನಿಸು ಇಳಿಯಲು ಒಂದು ಕಾಯಿ ಕೊಬ್ಬರಿಯಾಗುವಷ್ಟು ಕಾಲ ಬೇಕು, ಅಂದರೆ ಒಂದು ವರ್ಷ.

೧೯ ಅಕ್ಟೋಬರ್, ಭಾನುವಾರ

ಐದು ದಿನದಿಂದ ಮಳೆ. ಬೆಳಿಗ್ಗೆ ಬಿಟ್ಟಿತ್ತು. ಕೆರೆಗೆ ಹೋದೆ.

ನೀರು ಏರಿಕೊಂಡು ಬಂದು ಕೆಳಗಿನ ಸಾಲು ದಾಟಿ, ನಡುವಿನ ಸಾಲಿನ ಬುಡ ಮುಟ್ಟಿತ್ತು. ಹದಿನೇಳನೇ ನಂಬರಿನ ಕೆಳಗೆ ಕಪ್ಪೆ ಕೂತಿತ್ತು. ಇಷ್ಟು ವರ್ಷ ಇಲ್ಲಿಗೆ ನೀರೇ ಬರುವುದಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಕಾಳಕ್ಕನ ರೊಪ್ಪದ ಹತ್ತಿರ ನೆಲ ಒಣಗಿಯೇ ಇತ್ತು.

ಅವಳು ಮರದ ಸಾಲಿನ ನಡುವೆ ಕುರಿ ಬಿಟ್ಟುಕೊಂಡು ಬಂದಳು. ಹಿಂದೆ ಕೊಬ್ಬಿದ ಒಂದು ಟಗರು.

"ಸಿಕ್ತಾ?" ಎಂದೆ.

"ತಾನೇ ಬಂತು. ಉಪಗ್ರಹಕ್ಕೆ ತೊಂದ್ರೆ ಕೊಡ್ಲಿಲ್ಲ." ನೀರಿನ ಅಂಚಿಗೆ ಇಳಿದು ಮುಖ ತೊಳೆದುಕೊಂಡಳು. "ನಿಮ್ಮಪ್ಪ ಇಲ್ಲೇ ನಿಂತು ಎತ್ತಿನ ಮೈ ತೊಳೀತಿದ್ದ ಕಣ್ರೀ. ಇದೇ ಜಾಗ."

ನಾನು ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ನೀರಿಗಿಳಿದೆ. ತಣ್ಣಗಿತ್ತು. ಬೆನ್ನು ಬಗ್ಗಿಸಿ ಬೊಗಸೆಯಲ್ಲಿ ನೀರು ತೆಗೆದುಕೊಂಡೆ.

ಕಾಳಕ್ಕ ತಲೆಯೆತ್ತಿ ಮೋಡದ ಸಂದಿಯಲ್ಲಿ ನೋಡುತ್ತಿದ್ದಳು. "ಮೇಷ್ಟ್ರೇ, ಈಗ ನಾವೂ ಕಾಣ್ತೀವಾ ಮೇಲಿಂದ?"

"ಕಾಣ್ತೀವಿ ಕಾಳಕ್ಕ."

"ಹಂಗಾರೆ ಯಾಕೆ ಬಗ್ಗಿದ್ದೀರಿ? ಎದ್ ನಿಂತ್ಕಳಿ."

ನಿಂತೆ.